ದವಡೆಯಿಂದ ಕೇಳಿಸಿಕೊಳ್ಳೋ ದಪ್ಪತಂತಿ

ಭಾನುವಾರ ಬೆಳಗ್ಗೆ ಐದೂವರೆ. ಸ್ಟೌ ಮೇಲೆ ಪಾತ್ರೆ ಕೊತಕೊತ ಕುದೀತಿದೆ. ಒಳಗಿರೋದು ಹಾವಿನಮರಿ ಥರ ಸುರುಳಿ ಸುತ್ತಿಕೊಂಡಿರೋ ನಾಲ್ಕು ತಂತಿ. ಬೇಸ್ ಗಿಟಾರ್ ತಂತಿ! ಬೆರಳಿನ ಬೆವರು, ಜಿಡ್ಡು ಕೂತು ದನಿ ಮಂಕಾದಾಗ ಹತ್ತು ನಿಮಿಷ ಕುದಿಸಿ ಒರೆಸಿದ್ರೆ ಇನ್ನೊಂದಷ್ಟು ದಿನ ಜೀವ ಬರುತ್ತಂತೆ. ಚಮಚ ಹಿಡ್ಕೊಂಡು ನಿಂತಿರೋರಿಗೆ ಅರವತ್ತೊಂದು ವರ್ಷ. ಬ್ಯಾಂಡಿನೋರು ಇಟ್ಟಿರೋ ಹೆಸರು ‘ದಪ್ಪತಂತಿ’. ಆಳು ಮಾತ್ರ ಕಡ್ಡಿಪೈಲ್ವಾನ್.

“ಉಪ್ಪು ಹಾಕಿದ್ರೇನ್ರೀ?” ಹೊಲಿಗೆ ಮಷಿನ್ ಹಿಂದಿನಿಂದ ಹೆಂಡ್ತಿ ಕೂಗ್ತಾರೆ. ಇವರು ತಿರುಗೋದೇ ಇಲ್ಲ. ಹೆಂಡ್ತಿ ಎದ್ದು ಬಂದು, ಭುಜ ತಟ್ಟಿ, ಎದುರಿಗೆ ನಿಂತು ಅದೇ ಜೋಕನ್ನ ಇನ್ನೊಂದ್ಸಲ ಹೇಳ್ತಾರೆ. ಆಗ ನಗು ಬರುತ್ತೆ. ಈ ಮನೇಲಿ ನಾಲ್ಕು ವರ್ಷದಿಂದ ಪ್ರತಿ ಜೋಕೂ ಎರಡೆರಡು ಸಲ.

ತಂತಿ ಕಟ್ಟಿದ ಮೇಲೆ ಒಂದೂವರೆ ಗಂಟೆ ಅಭ್ಯಾಸ. ಗಿಟಾರನ್ನ ಎತ್ತಿ, ಅದರ ಮರದ ಕೊಂಬಿಗೆ ದವಡೆ ಒತ್ತಿ, ಕಣ್ಣು ಮುಚ್ಚಿ ನುಡಿಸ್ತಾರೆ. ಮಾತಾಡಿಸೋಕೆ ಬಂದಿರೋ ನಾನು ಪ್ರಶ್ನೆಯನ್ನ ಮೊಬೈಲಲ್ಲಿ ಟೈಪ್ ಮಾಡಿ ತೋರಿಸಿದ್ರೆ ಉತ್ತರ ಬರುತ್ತೆ. “ಕುಕ್ಕರ್ ಸೀಟಿನೂ ಕೇಳಲ್ಲ ಕಣಮ್ಮ. ಆದ್ರೆ ಮರ ನಡುಗೋದು ಮೂಳೆಗೆ ಗೊತ್ತಾಗುತ್ತೆ. ಹೀಗೆ ಒತ್ಕೊಂಡ್ರೆ ನನ್ನ ತಂತಿ ನನಗೆ ಸಿಗುತ್ತೆ. ಬೇರೆಯೋರದ್ದು ಸಿಗಲ್ಲ, ಅದೇ ಕಷ್ಟ.”

ಇಪ್ಪತ್ತರ ವಯಸ್ಸಲ್ಲಿ ಐದು ಜನ ಗೆಳೆಯರು ಒಂದು ಕಾರ್ ಶೆಡ್ಡಲ್ಲಿ ಬ್ಯಾಂಡ್ ಕಟ್ಟಿದ್ರು. ಎಲ್ಲರಿಗೂ ಮುಂದೆ ನಿಂತು ಮಿಂಚೋ ಆಸೆ. ಹಿಂದೆ ನಿಂತು ಗುಂಯ್‌ಗುಡಿಸೋ ಬೇಸ್ ಯಾರಿಗೂ ಬೇಡ. “ಚೀಟಿ ಎತ್ತಿದ್ವಿ. ನನ್ನ ಹೆಸರು ಬಂತು. ಅತ್ತುಬಿಟ್ಟೆ!” ಅಂತಾರೆ. ಅಲ್ಲಿಂದ ನಲವತ್ತೊಂದು ವರ್ಷ, ಏಳು ಬ್ಯಾಂಡು. ಹೋಟೆಲ್ ಹಾಲ್, ಮದುವೆ ಹಾಲ್, ಕಾಲೇಜು ಮೈದಾನ. ನಾಲ್ಕೂವರೆ ಕೆಜಿ ಗಿಟಾರು ನೇತುಹಾಕಿ ಹಾಕಿ ಎಡಭುಜ ಎರಡು ಬೆರಳಷ್ಟು ಇಳಿದಿದೆ. ಹೆಂಡ್ತಿ ಇವರ ಶರ್ಟ್ ಹೊಲಿಯೋವಾಗ ಆ ಕಡೆ ಒಂದು ಪದರ ಬಟ್ಟೆ ಜಾಸ್ತಿ ಇಡ್ತಾರೆ. “ಆರು ಬ್ಯಾಂಡು ಒಡೆದಿದ್ದು ಹಾಡೋರ ಜಗಳಕ್ಕೆ. ಬೇಸಿನವನು ಬಿಟ್ಟೋದ ಅಂತ ಯಾವ ಬ್ಯಾಂಡಾದ್ರೂ ಮುಳುಗಿದ್ದುಂಟಾ?”

ಕಿವಿ ಕೈಕೊಟ್ಟಿದ್ದು ಮೊದಲು ಗೊತ್ತಾಗಿದ್ದು ಹೆಂಡ್ತಿಗಲ್ಲ, ಡ್ರಮ್ಮಣ್ಣನಿಗೆ. ಇಪ್ಪತ್ತೆಂಟು ವರ್ಷ ಪಕ್ಕದಲ್ಲೇ ಕೂತು ಡ್ರಮ್ ಬಾರಿಸಿದ ಗೆಳೆಯ. ಯಾರಿಗೂ ಹೇಳದೆ ಒಂದು ಹಲಗೆ ತಂದ. ಹಲಗೆಯ ಒಂದು ತುದಿ ದೊಡ್ಡ ಡ್ರಮ್ ಕೆಳಗೆ, ಇನ್ನೊಂದು ತುದಿ ದಪ್ಪತಂತಿ ಪಾದದ ಕೆಳಗೆ. ಪ್ರತಿ ಏಟೂ ಹಿಮ್ಮಡಿಯಿಂದ ಮೊಣಕಾಲಿಗೆ ಹತ್ತೋದು. “ಮೂರು ವರ್ಷ ಹಾಗೇ ನಡೀತು. ಹೋದ ವರ್ಷ ಎದೆನೋವು ಅಂದ, ಆಸ್ಪತ್ರೆ ಮುಟ್ಟಲಿಲ್ಲ. ಅವನು ತಾಳ ತಪ್ಪಿದ್ದು ಅದೊಂದೇ ಸಲ.” ಇಷ್ಟು ಹೇಳಿ ತುಂಬಾ ಹೊತ್ತು ತಂತಿ ಒರೆಸ್ತಾ ಕೂರ್ತಾರೆ. ತಂತಿ ಆಗಲೇ ಫಳಫಳ ಅಂತಿದೆ.

ಈಗಿರೋ ಹುಡುಗ ಬಾರಿಸೋದು ಎಲೆಕ್ಟ್ರಾನಿಕ್ ಪ್ಯಾಡು. ರಬ್ಬರು. ನೆಲಕ್ಕೆ ಒಂದು ನಡುಕವೂ ಇಳಿಯಲ್ಲ. ಅವನ ಕೈ ಏಳೋದು ನೋಡ್ಕೊಂಡೇ ಇವರು ತಾಳ ಹಿಡೀಬೇಕು. ಹೋದ ತಿಂಗಳು ಗಾಯಕಿಗೆ ಗಂಟಲು ಕಟ್ಟಿತ್ತು. ವೇದಿಕೆ ಮೇಲೇ “ಶ್ರುತಿ ಎರಡು ಮೆಟ್ಟಿಲು ಇಳಿಸೋಣ” ಅಂದ್ಲು. ಎಲ್ಲರೂ ಇಳಿದ್ರು, ಇವರೊಬ್ಬರು ಮೇಲೇ ಉಳಿದ್ರು. ಇಡೀ ಹಾಡು! ಜನ ನಕ್ಕಿದ್ದನ್ನ ಹಾಡು ಚೆನ್ನಾಗಿ ಬಂತು ಅಂತ ತಿಳ್ಕೊಂಡು ಇವರೂ ನಕ್ಕಿದ್ರು. ಕೆಳಗಿಳಿದ ಮೇಲೆ ಗಾಯಕಿ ಅಳ್ತಿದ್ದಿದ್ದು ನೋಡಿ, ಕಿವಿ ಕೇಳಲ್ಲ ಅನ್ನೋದನ್ನ ಒಪ್ಪಿಕೊಂಡ್ರು.

“ಮೊದಲೇ ಹೇಳಿದ್ರೆ ನುಂಗಿಬಿಡ್ತಿದ್ನಾ ಅಂಕಲ್?” ಅಂತ ಬೈದು, ದಾರಿ ಹುಡುಕಿದವಳೂ ಅವಳೇ. ಬೆನ್ನ ಹಿಂದೆ ಬೆರಳು ತೋರಿಸಿದ್ರೆ ಅಷ್ಟು ಮೆಟ್ಟಿಲು ಕೆಳಗೆ. ತಿರುಗಿ ತಲೆ ಆಡಿಸಿದ್ರೆ ಚರಣ ಶುರು. ಬ್ಯಾಂಡ್ ನಡೆಸೋ ಕೀಬೋರ್ಡ್ ಮಾಸ್ತರು ಮಾತ್ರ ಖಡಾಖಂಡಿತ. “ಭಾನುವಾರ ಒಂದು ಪ್ರೋಗ್ರಾಂ ನೋಡೋಣ. ತಪ್ಪಿದ್ರೆ ಬೇಸನ್ನ ನನ್ನ ಎಡಗೈಯೇ ನುಡಿಸುತ್ತೆ.”

ಆ ಭಾನುವಾರ ಇವತ್ತೇ. ಮಧ್ಯಾಹ್ನ ಮೂರಕ್ಕೆ ಹಾಲ್ ತುಂಬಿದೆ. ಹದಿನಾಲ್ಕು ಹಾಡು. ಬೆರಳು ಏಳುತ್ತೆ, ತಲೆ ಆಡುತ್ತೆ, ದಪ್ಪತಂತಿ ಒಂದು ಸ್ವರವೂ ತಪ್ಪಲ್ಲ. ಹನ್ನೊಂದನೇ ಹಾಡಲ್ಲಿ ಹಿಂದೆ ತಿರುಗಿ ತಲೆ ಆಡಿಸಿದ ಗಾಯಕಿಗೆ ಎರಡನೇ ಚರಣದ ಸಾಲೇ ಮರೆತುಹೋಗುತ್ತೆ. ಲಲಲಾ ಅಂತ ಹೇಗೋ ದಾಟಿಸ್ತಾಳೆ. ಜನ ಗಮನಿಸಲ್ಲ.

ಮುಗಿದ ಮೇಲೆ ಮಾಸ್ತರು ಬಂದು ಬೆನ್ನು ತಟ್ಟಿ, ಬಾಯಿ ದೊಡ್ಡದು ಮಾಡಿ, “ಮುಂದಿನ ತಿಂಗಳೂ ನೀವೇ!” ಅಂತಾರೆ. ದಪ್ಪತಂತಿ ಕೈ ಮುಗೀತಾರೆ. “ಬೇಡ ಮಾಸ್ತರೇ. ಎಡಗೈನಲ್ಲೇ ನುಡಿಸಿ.” ಹೆಂಡ್ತಿ ಗಾಬರಿಯಾಗಿ, “ಯಾಕ್ರೀ? ಒಂದೂ ತಪ್ಪಲಿಲ್ವಲ್ಲ!” ಅಂತ ತೋಳು ಹಿಡಿದು ಅಲ್ಲಾಡಿಸ್ತಾರೆ. ಗಾಯಕಿ ಕಣ್ಣು ತುಂಬಿಕೊಂಡು ನಿಂತಿದ್ದಾಳೆ.

ಅವರು ಗಿಟಾರಿನ ಪಟ್ಟಿ ಬಿಚ್ಚಿ ಭುಜ ಉಜ್ಜಿಕೊಳ್ತಾರೆ.

“ನಲವತ್ತೊಂದು ವರ್ಷ ಹಾಡೋರ ಬೆನ್ನು ನೋಡ್ಕೊಂಡೇ ನುಡಿಸಿದೀನಿ. ಹಾಡೋರು ಜನರ ಕಡೆ ನೋಡ್ಬೇಕು, ಹಿಂದೆ ನಾನಿದೀನಿ ಅನ್ನೋದೇ ಮರೀಬೇಕು. ಮರೆಯೋ ಹಾಗೆ ನುಡಿಸ್ತಿದ್ದೆ. ಇವತ್ತು ಹದಿನಾಲ್ಕು ಹಾಡಲ್ಲೂ ಈ ಮಗು ನನ್ನ ಕಡೆ ತಿರುಗಿ ನೋಡ್ತು.”