ಊಟಕ್ಕೆ ಮೊದಲೇ ರೆಕಾರ್ಡಾದ ಮಾತು

ದೆವ್ವ, ಶಕುನ, ಮುಂದಾಗುವುದು ಮೊದಲೇ ತಿಳಿಯುವುದು, ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುವವನಲ್ಲ. ಕುಳಿತು ಕೊನೆಯವರೆಗೂ ಕೇಳಿ, ಆಮೇಲೆ ಹೇಳಿದವರ ಮರ್ಯಾದೆ ತೆಗೆಯುವವನು. ನಮ್ಮ ಸೋದರಮಾವನೊಬ್ಬ ತನ್ನ ಸತ್ತ ತಮ್ಮನ ಕೆಮ್ಮು ಹಿತ್ತಲಲ್ಲಿ ಕೇಳಿಸಿತು ಅಂದಾಗ, ತುಂಬಿದ ಮನೆಯಲ್ಲಿ ಅವನಿಗೆ ಕಿವಿ ಡಾಕ್ಟರ ವಿಳಾಸ ಬರೆದುಕೊಟ್ಟಿದ್ದೆ. ಪಾಪ, ಅವನು ಆ ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಭೋಸರಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಬದಿಗೆ ಎಸೆಯಬೇಕು. ತಪ್ಪು ಹುಡುಕಿದ್ದಕ್ಕೇ ಸಂಬಳ ಕೊಡುತ್ತಾರಾದ್ದರಿಂದ ಅದು ದೊಡ್ಡ ಗುಣವೆಂದು ನಾನು ತಿಳಿದುಬಿಟ್ಟಿದ್ದೆ. ಮನೆಗೆ ಬಂದ ಮೇಲೂ ಕೆಂಪು ಬಣ್ಣದ ಕುಂಚ ಕೈಬಿಡುತ್ತಿರಲಿಲ್ಲ.

ನನ್ನ ಹೆಂಡತಿ ಇಂದುಮತಿ, ಮನೆಯಲ್ಲಿ ಕರೆಯುವುದು ಇಂದು ಎಂದು, ಜಮಖಂಡಿ ಕಡೆಯವಳು. ಅವಳ ತಾಯಿಗೆ ಬೀಸುವಾಗ, ಕುಟ್ಟುವಾಗ ಹಾಡುವ ಪದಗಳು ರಾಶಿ ಬರುತ್ತಿದ್ದವು. ಅವನ್ನೆಲ್ಲ ಮಗಳು ಕಲಿತಿದ್ದಳು. ಸಂಗೀತದ ಪಾಠವೇನೂ ಆಗಿರಲಿಲ್ಲ, ಆದರೆ ದನಿಯಲ್ಲಿ ಒಂದು ತೂಕವಿತ್ತು. ಎದುರು ಮನೆಯ ಮರಾಠಿ ಮುದುಕಿ ಬಾಗಿಲಲ್ಲಿ ನಿಂತು ಕೇಳಿ, "ವಹಿನಿ ಕಿತೀ ಛಾನ್ ಗಾತಾತ್", ಅತ್ತಿಗೆ ಎಷ್ಟು ಚೆಂದ ಹಾಡುತ್ತಾರೆ, ಅನ್ನುತ್ತಿದ್ದಳು. ನಾನು ಮಾತ್ರ ಒಮ್ಮೆಯೂ ಹಾಗೆ ಅಂದವನಲ್ಲ. ನಮ್ಮ ಕನ್ನಡ ಮಂಡಳಿಯವರು ಒಂದು ಇಂಟರ್ನೆಟ್ ರೇಡಿಯೋ ಶುರುಮಾಡಿದಾಗ, ಭಾನುವಾರ ಬೆಳಿಗ್ಗೆ ಅರ್ಧ ತಾಸು ಹಾಡಲು ಅವಳನ್ನು ಕರೆದರು. ಊರಿನ ಇನ್ನೊಂದು ತುದಿಗೆ, ಖರಾಡಿಯ ಒಂದು ಫ್ಲಾಟಿನ ಸಣ್ಣ ಕೋಣೆಯೇ ಆ ರೇಡಿಯೋ. ಅದನ್ನು ನಡೆಸುತ್ತಿದ್ದವನು ಬೆಂಗಳೂರಿನಿಂದ ಬಂದ ಶ್ರೀನಿಧಿ ಎಂಬ ಇಂಜಿನಿಯರ್. ಇಂದು ಅಲ್ಲಿಗೆ ಹೋಗಿ ನೇರವಾಗಿ ಹಾಡುತ್ತಿದ್ದಳು, ನಾನು ಮನೆಯಲ್ಲಿ ಕೂತು ಅದನ್ನು ರೆಕಾರ್ಡ್ ಮಾಡುತ್ತಿದ್ದೆ.

ಹೇಗೆಂದು ಸ್ವಲ್ಪ ಹೇಳಿಬಿಡುತ್ತೇನೆ, ಮುಂದೆ ಅದು ಬೇಕಾಗುತ್ತದೆ. ಹಾಡುಗಳನ್ನು ಜೋಡಿಸಿ, ತಿದ್ದಿ, ಮೆರುಗು ಕೊಡುವ ಒಂದು ಸಾಫ್ಟ್‌ವೇರ್ ನನ್ನ ಕಂಪ್ಯೂಟರಿನಲ್ಲಿದೆ. ಅದು ನನ್ನ ಹವ್ಯಾಸ. ರೇಡಿಯೋದಿಂದ ಬರುವ ಸದ್ದನ್ನು ಸ್ಪೀಕರಿಗೆ ಬಿಡದೆ, ಕಂಪ್ಯೂಟರಿನ ಒಳಗಿಂದೊಳಗೇ ಆ ಸಾಫ್ಟ್‌ವೇರಿಗೆ ಹರಿಸಬಹುದು. ಕಣ್ಣಿಗೆ ಕಾಣದ ಒಂದು ತಂತಿ ಎಳೆದಂತೆ. ಇದರಲ್ಲಿ ಮೈಕಿಗೆ ಕೆಲಸವೇ ಇಲ್ಲ. ಕೋಣೆಯಲ್ಲಿ ಕೊಡ ಉರುಳಿದರೂ ಅದು ರೆಕಾರ್ಡಾಗುವುದಿಲ್ಲ. ಖರಾಡಿಯಲ್ಲಿ ಹಾಡಿದ್ದು ನಮ್ಮ ಮನೆ ಮುಟ್ಟಲು ಅರ್ಧ ನಿಮಿಷ ತಡವಾಗುತ್ತಿತ್ತು. ಅಲ್ಲಿಂದ ಇಲ್ಲಿಗೆ ಸದ್ದು ಬರುತ್ತದೆಯೇ ಹೊರತು ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಇಲ್ಲ.

ರೆಕಾರ್ಡ್ ಮಾಡುತ್ತಿದ್ದುದು ಪ್ರೀತಿಯಿಂದ ಎಂದು ನೀವು ಎಣಿಸಿದರೆ ತಪ್ಪು. ಅವಳು ಎಲ್ಲಿ ತಪ್ಪಿದಳೋ ಅಲ್ಲಿಗೇ ಟಕ್ಕೆಂದು ನಿಲ್ಲಿಸಿ, ಹೆಸರು ಕೊಟ್ಟು ಉಳಿಸಿ, ಮತ್ತೆ ಹೊಸದಾಗಿ ಶುರುಮಾಡುತ್ತಿದ್ದೆ. ಹೀಗಾಗಿ ನನ್ನ ಬಳಿಯ ಪ್ರತಿಯೊಂದು ಕಡತವೂ ಅವಳ ಒಂದು ತಪ್ಪಿನಲ್ಲಿ ಮುಗಿಯುತ್ತದೆ. ಒಂದು ಸಲ ಆ ತಪ್ಪುಗಳನ್ನಷ್ಟೇ ಕತ್ತರಿಸಿ, ಒಂದರ ಹಿಂದೆ ಒಂದು ಅಂಟಿಸಿ, ಎರಡು ನಿಮಿಷದ ತುಣುಕು ಮಾಡಿದೆ. ಮನೆಗೆ ಬಂದ ನೆಂಟರಿಗೆ ಚಹಾದ ಜೊತೆ ಅದನ್ನು ಕೇಳಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಂದುವೂ ನಕ್ಕು, ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹಾಡು ಬಿಡಲಿಲ್ಲ. ಅವಳ ತಾಯಿ ತೀರಿಕೊಂಡ ಮೇಲಂತೂ ಭಾನುವಾರದ ಆ ಅರ್ಧ ತಾಸೊಂದೇ ಅವಳದ್ದು ಎನ್ನುವಂತೆ ಹೋಗುತ್ತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾಡುತ್ತಿದ್ದೆ.

ಎರಡು ವರ್ಷದ ಹಿಂದಿನ ಒಂದು ಭಾನುವಾರ. ತಾಯಿ ಸತ್ತು ಎಂಟು ತಿಂಗಳಾಗಿತ್ತು. ಅಂದು ತಾಯಿಯ ಪದವೊಂದನ್ನು ಹಾಡುತ್ತೇನೆಂದು ರೇಡಿಯೋದಲ್ಲಿ ತಾನೇ ಹೇಳಿ ಶುರುಮಾಡಿದಳು. ಚೆನ್ನಾಗಿ ಹಾಡುತ್ತಿದ್ದಳು, ಈಗ ಒಪ್ಪಿಕೊಳ್ಳುತ್ತೇನೆ. ಮೂರನೆಯ ನುಡಿಯ ಅರ್ಧಕ್ಕೆ ದನಿ ಒಮ್ಮೆಲೇ ನಿಂತಿತು. ತಂಬೂರಿಯ ಶ್ರುತಿ ಮಾತ್ರ ಗುಂಯ್ ಎನ್ನುತ್ತಿತ್ತು. ಈಗ ಎತ್ತಿಕೊಂಡಾಳು ಎಂದು ಕಾದೆ. ಎತ್ತಿಕೊಳ್ಳಲಿಲ್ಲ. ಹನ್ನೊಂದು ಸೆಕೆಂಡಿಗೆ ನನ್ನ ತಾಳ್ಮೆ ಮುಗಿಯಿತು. ನಿಲ್ಲಿಸುವ ಗುಂಡಿ ಒತ್ತಿ, ಉಳಿಸಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಎಸೆದೆ. ಆಗ ಗಂಟೆ ಹನ್ನೊಂದೂ ಇಪ್ಪತ್ತು.

ಅವಳು ಮನೆಗೆ ಬಂದಾಗ ಹನ್ನೆರಡೂವರೆ. ಬಂದವಳೇ ಅಡಿಗೆಗೆ ನಿಂತಳು. ಒಂದೂವರೆಗೆ ಊಟಕ್ಕೆ ಕೂತಾಗ ನಾನೇ ಕೆದಕಿದೆ. ಮಂಡಳಿಯವರೆಲ್ಲ ಕೇಳುತ್ತಿರುವಾಗ ಮಾನ ಕಳೆದೆಯಲ್ಲ, ಪದ ಮರೆತೆಯಾ ಎಂದು ಕೇಳಿದೆ. ಮರೆಯಲಿಲ್ಲ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ತಂಬೂರಿಯ ನಡುವೆ ಯಾರದೋ ಉಸಿರು, ಮಾತು ಕೇಳಿಸಿತು, ಅದಕ್ಕೇ ನಿಲ್ಲಿಸಿದೆ ಅಂದಳು. ಯಾರು ಅಂದರೆ ಹೇಳಲಿಲ್ಲ. ತಾಯಿಯ ಪದ ಹಾಡುವಾಗ ತಾಯಿಯೇ ಬಂದಳೇನೋ ಎಂದು ನಕ್ಕೆ. ಅವಳು ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದಳು. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆಗ ನಾನು ಆ ಮಾತು ಅಂದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ, ಆದರೆ ಬರೆಯದೆ ಗತಿಯಿಲ್ಲ.

"ನಿಮ್ಮವ್ವ ಸತ್ತಾಗ ಅತ್ತಿಯಲ್ಲ, ಅದರಾಗರೆ ಸೂರ ಇತ್ತು."

ಸೂರ ಅಂದರೆ ನಮ್ಮ ಕಡೆ ಸ್ವರ, ಶ್ರುತಿ. ಆ ಕೊನೆಯ ಎರಡು ಶಬ್ದಗಳನ್ನು ನಾನೊಬ್ಬನೇ ಅನ್ನಲಿಲ್ಲ. ಇಂದು ನನ್ನ ಜೊತೆಗೇ, ಅದೇ ಏರಿಳಿತದಲ್ಲಿ, ತುಟಿ ಅಲುಗಿಸುತ್ತ "ಸೂರ ಇತ್ತು" ಅಂದಳು. ಬೆಚ್ಚಿ ಕೈ ಸರಿಸಿದೆ. ನೀರಿನ ಲೋಟ ತಗಲಿ ಉರುಳಿ, ಕಲ್ಲಿನ ನೆಲದ ಮೇಲೆ ಎರಡು ಸಲ ಪುಟಿದು ಗೋಡೆಯ ಹತ್ತಿರ ನಿಂತಿತು.

"ಇದ ಮಾತರಿ," ಅಂದಳು. "ನಿಮ್ಮ ಉಸರು ಕೇಳಿ ನಾ ಹಾಡೂದು ನಿಲ್ಲಿಸಿದೆ, ಅದರ ಹಿಂದನ ಇದು ಬಂತು. ನಿಮ್ಮ ದನಿ ನನಗ ಗೊತ್ತಾಗಂಗಿಲ್ಲೇನು?"

ಅಳಲಿಲ್ಲ, ಬೈಯಲಿಲ್ಲ. ಇನ್ನೂ ಏನೋ ಬರಬೇಕಾಗಿದೆ ಎಂಬಂತೆ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ನೆಲದ ನೀರು ಒರೆಸಿದಳು. ನಾಟಕ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳ ನಾಟಕವನ್ನು ಅವಳ ಮುಂದೆಯೇ ಬಯಲಿಗೆ ಎಳೆಯಬೇಕು ಎಂಬ ಹಟದಿಂದ, ಎಂಜಲು ಕೈ ತೊಳೆದವನೇ ಕಂಪ್ಯೂಟರಿನ ಮುಂದೆ ಕೂತು ಬೆಳಗಿನ ಕಡತ ತೆರೆದೆ.

ಹಾಡು ನಿಂತ ಮೇಲಿನ ಹನ್ನೊಂದು ಸೆಕೆಂಡು ಸಾಮಾನ್ಯ ಮಟ್ಟದಲ್ಲಿ ಬರೀ ತಂಬೂರಿ. ಅದರ ಶ್ರುತಿಯನ್ನು ತಗ್ಗಿಸಿ, ಉಳಿದದ್ದನ್ನು ಎತ್ತರಿಸಿದೆ. ಇದು ನನಗೆ ನೀರು ಕುಡಿದಷ್ಟು ಸಲೀಸು. ಮೊದಲು ಬಂದದ್ದು ಒಂದು ಗಂಡು ಉಸಿರು. ನಂತರ ನನ್ನ ದನಿ. ನಿಮ್ಮವ್ವ ಸತ್ತಾಗ ಅತ್ತಿಯಲ್ಲ, ಅದರಾಗರೆ ಸೂರ ಇತ್ತು. ಅದರ ಹಿಂದೆಯೇ ಸ್ಟೀಲಿನ ಲೋಟ ಬಿದ್ದ ಸದ್ದು, ಎರಡು ಪುಟಿತ. ಅಷ್ಟಕ್ಕೆ ಕಡತ ಮುಗಿದಿತ್ತು, ನಾನು ಗುಂಡಿ ಒತ್ತಿದ ಜಾಗದಲ್ಲಿ.

ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಡತ ಉಳಿಸಿದ ಹೊತ್ತು ನೋಡಿದೆ, ಹನ್ನೊಂದೂ ಇಪ್ಪತ್ತೇ. ಬೆಳಿಗ್ಗೆ ಹಾಡು ಕೇಳುತ್ತ ನಾನೇ ಆ ಮಾತನ್ನು ಗೊಣಗಿದ್ದೆನೋ ಎಂದರೆ, ನನ್ನ ಬಳಿಯಿದ್ದ ಒಂದೇ ಮೈಕನ್ನು ಮಂಡಳಿಯ ಕಾರ್ಯಕ್ರಮಕ್ಕೆಂದು ಯಾರೋ ಒಯ್ದು ವಾರವಾಗಿತ್ತು. ಗೊಣಗಿದ್ದೆ ಎಂದೇ ಇಟ್ಟುಕೊಂಡರೂ ಖರಾಡಿಯಲ್ಲಿ ಕೂತವಳಿಗೆ, ಅದೂ ನನಗಿಂತ ಅರ್ಧ ನಿಮಿಷ ಮೊದಲು, ಅದು ಹೇಗೆ ಕೇಳಿಸಿತು? ಲೋಟ ಬಿದ್ದದ್ದಂತೂ ಒಂದೂವರೆಯ ಊಟದಲ್ಲಿ.

ಮರುದಿನ ಶ್ರೀನಿಧಿಗೆ ಫೋನು ಮಾಡಿದೆ. "ನಂಗೇನೂ ಕೇಳಿಸ್ಲಿಲ್ಲ ಸರ್, ಮೇಡಂ ಸಡನ್ನಾಗಿ ಸ್ಟಾಪ್ ಮಾಡ್ಬಿಟ್ರು," ಅಂದ. ಅವನು ಆ ಕೋಣೆಯಲ್ಲೇ ಮಾಡಿಟ್ಟ ರೆಕಾರ್ಡನ್ನು ತರಿಸಿಕೊಂಡು ಅದರ ಮೇಲೂ ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಅದರಲ್ಲಿ ತಂಬೂರಿ ಬಿಟ್ಟು ಬೇರೇನೂ ಇಲ್ಲ. ನಿಮ್ಮ ಕಡತ ಕಳಿಸಿ ಸರ್, ನಾನೂ ನೋಡ್ತೀನಿ ಎಂದು ಅವನು ಬಹಳ ಸಲ ಕೇಳಿದ. ಕಳಿಸಲಿಲ್ಲ. ಕಳಿಸಿದರೆ ನಾನು ಹೆಂಡತಿಗೆ ಏನಂದೆ ಎಂಬುದನ್ನು ಅವನು ಕೇಳಬೇಕಾಗುತ್ತದೆ. ಹೀಗೆ ನನ್ನ ಹತ್ತಿರ ಇರುವ ಒಂದೇ ಒಂದು ಸಾಕ್ಷಿಯನ್ನು ಯಾರಿಗೂ ತೋರಿಸಲಾರದವನಾಗಿದ್ದೇನೆ.

ಮುಂದಿನ ಭಾನುವಾರ ಇಂದು ರೇಡಿಯೋಗೆ ಹೋಗಲಿಲ್ಲ. ಆಮೇಲೆಯೂ ಹೋಗಲಿಲ್ಲ. ಮನೆಯಲ್ಲಿ ಕೆಲಸ ಮಾಡುವಾಗಲೂ ಗುನುಗುವುದು ನಿಂತುಹೋಯಿತು. ಎದುರು ಮನೆಯ ಮುದುಕಿ ನನ್ನನ್ನು ನಿಲ್ಲಿಸಿ, ವಹಿನಿಗೆ ಗಂಟಲು ನೋವೇ ಎಂದು ವಿಚಾರಿಸಿದಳು. ಹೌದು ಅಂದೆ.

ಒಂದು ತಿಂಗಳು ತಡೆದು, ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಕಡತ ಕೇಳಿಸಿದೆ. ನೀನಂದದ್ದು ನಿಜ, ನಾನೇ ತಪ್ಪು ತಿಳಿದೆ ಎಂದು ಒಪ್ಪಿಕೊಂಡರೆ ಮತ್ತೆ ಹಾಡಿಯಾಳು ಎಂಬ ಆಸೆ. ಅವಳು ಲೋಟದ ಎರಡನೆಯ ಪುಟಿತದವರೆಗೂ ಕೇಳಿ, ಮುಂದೆ ಹಚ್ಚಿರಿ ಅಂದಳು. ಮುಂದೆ ಇಲ್ಲ, ಅಲ್ಲಿಗೇ ನಾನು ನಿಲ್ಲಿಸಿದ್ದೆ ಅಂದೆ.

"ಅದರ ಹಿಂದ ಇನ್ನೊಂದು ಮಾತ ಅಂದ್ರಿ," ಅಂದಳು. "ಭಾಳ ಸಾವಕಾಶ ಅಂದ್ರಿ. ಅದನ್ನ ಇನ್ನೂ ನೀವು ಅಂದಿಲ್ಲ."

ಯಾವ ಮಾತು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಹೇಳಿದರೆ ನೀವು ಅದನ್ನು ಅನ್ನುವುದಿಲ್ಲ, ಅಂದರೂ ಅದು ನಿಮ್ಮ ಮಾತಾಗುವುದಿಲ್ಲ ಎಂದಳು, ಅಷ್ಟೇ. ಆ ವಾರವೇ ಮಂಚದ ಕೆಳಗೆ ಅವಳ ಪ್ರಯಾಣದ ಚೀಲ ಕಂಡಿತು. ನಾಲ್ಕು ಸೀರೆ, ತಾಯಿಯ ಒಂದು ಫೋಟೋ, ಜಮಖಂಡಿಯ ಅಣ್ಣನ ಮನೆಯ ಬೀಗದ ಕೈ. ಚೀಲ ಇವತ್ತಿಗೂ ಅಲ್ಲೇ ಇದೆ.

ಇದಕ್ಕೆ ಅರ್ಥವೇನೆಂದು ನನಗೆ ಈಗಲೂ ತಿಳಿಯದು. ಬಲ್ಲವರು ಯಾರಾದರೂ ಬಿಡಿಸಿ ಹೇಳಿದರೆ ಈ ಸಲ ನಗದೆ ಕೇಳುತ್ತೇನೆ. ಮನೆಯಲ್ಲಿ ಮಾತು ಕಡಿಮೆ ಮಾಡಿದ್ದೇನೆ. ಆದರೂ ಇಪ್ಪತ್ತು ವರ್ಷದ ರೂಢಿ, ಬಾಯಿ ಜಾರುತ್ತದೆ. ಹಾಗೆ ಜಾರಿದಾಗಲೆಲ್ಲ ಅವಳು ಕೈಯ ಕೆಲಸ ನಿಲ್ಲಿಸಿ, ಪೂರ್ತಿ ಕೇಳಿ, "ಇದಲ್ಲ" ಎಂದು ಮತ್ತೆ ಕೆಲಸ ಹಿಡಿಯುತ್ತಾಳೆ.

ಮೊನ್ನೆ ತಡೆಯಲಾಗಲಿಲ್ಲ. ಅವಳು ಕೊತ್ತಂಬರಿ ಸೋಸುತ್ತ ಕೂತಿದ್ದಳು. ಹತ್ತಿರ ಹೋಗಿ ಕೂತು, ನಿನ್ನ ದನಿ ಚೆನ್ನಾಗಿತ್ತು, ಮೊದಲಿನಿಂದಲೂ ಚೆನ್ನಾಗಿತ್ತು, ನನ್ನದು ತಪ್ಪಾಯಿತು, ಕ್ಷಮಿಸು ಎಂದೆ. ಮದುವೆಯಾದಂದಿನಿಂದ ಯಾರಿಗೂ ಹೇಳದ ಮಾತು ಅದು. ಇಂದು ಕೊತ್ತಂಬರಿ ಕೆಳಗಿಟ್ಟು, ಕಣ್ಣು ಮುಚ್ಚಿ, ಕೊನೆಯ ಶಬ್ದದವರೆಗೂ ಕಿವಿಗೊಟ್ಟು ಕೇಳಿದಳು.

"ಇದೂ ಅಲ್ಲರಿ," ಎಂದು ಮತ್ತೆ ಸೋಸತೊಡಗಿದಳು.