ಅತ್ತೆಯ ಕಳ್ಳಜೇಬು

ಊರಿನವರ ಗುಟ್ಟೆಲ್ಲ ಅತ್ತೆಯ ಬೆರಳ ತುದಿಯಲ್ಲಿತ್ತು. ದರ್ಜಿ ಕೆಲಸದಲ್ಲಿ ಆಕೆಯ ಹೆಚ್ಚುಗಾರಿಕೆಯೇ ಕಳ್ಳಜೇಬು. ಕೋಟಿನ ಲೈನಿಂಗಿನ ಹಿಂದೆ, ಲಂಗದ ನೆರಿಗೆಯೊಳಗೆ, ಒಮ್ಮೆಯಂತೂ ಒಬ್ಬ ಮುದುಕನ ಟೋಪಿಯಲ್ಲಿ, ಹೊಲಿದವಳನ್ನೂ ತೊಟ್ಟವರನ್ನೂ ಬಿಟ್ಟರೆ ಮೂರನೆಯವರಿಗೆ ಸುಳಿವು ಸಿಗದಂತೆ ಜೇಬು ಕೂರಿಸುತ್ತಿದ್ದಳು. ಬೀದಿಯವರ ಪಾಲಿಗೆ ಆಕೆ ಕಳ್ಳಜೇಬಿನಮ್ಮ. ಯಾರು ಏನನ್ನು ಎಲ್ಲಿ ಬಚ್ಚಿಡುತ್ತಾರೆಂದು ಆಕೆ ಬಾಯಿ ಬಿಟ್ಟಿದ್ದರೆ ಅರ್ಧ ಊರು ನಿದ್ದೆಗೆಡುತ್ತಿತ್ತು. ಬಿಡಲಿಲ್ಲ, ಪುಣ್ಯ.

ಅಂಥವಳು ತನ್ನ ಗಂಟನ್ನು ಎಲ್ಲಿಟ್ಟಿದ್ದಾಳೆ? ತನ್ನ ಗಂಡ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಂದಿನಿಂದ ಸೊಸೆಯ ತಲೆ ಕೊರೆಯುತ್ತಿದ್ದ ಪ್ರಶ್ನೆ ಇದೇ. ಗಂಡನಿಗೆ ಸೈಕಲ್ ರಿಪೇರಿ ಅಂಗಡಿ ಇಡುವ ಆಸೆ, ಸಾಮಾನು ಕೊಳ್ಳಲು ಗತಿಯಿಲ್ಲ. ಸೊಸೆಯ ಹತ್ತಿರ ಅಜ್ಜಿ ಕೊಟ್ಟ ಚಿನ್ನದ ಸರವೊಂದಿತ್ತು. ಅದು ಗಂಡನಿಗೂ ಗೊತ್ತಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅದೊಂದೇ ದಿಕ್ಕು ಎಂದು ಲಂಗದ ಸೊಂಟಪಟ್ಟಿಯಲ್ಲಿಟ್ಟು ತಾನೇ ಹೊಲಿದುಕೊಂಡಿದ್ದಳು. ಅತ್ತೆಯ ಗಂಟು ಹೊರಬಂದರೆ ತನ್ನದು ಉಳಿಯುತ್ತದಲ್ಲ!

ಕಣ್ಣಿಟ್ಟು ಕಾದಳು. ಬಾಡಿಗೆಯ ಮಾತು ಬಂದಾಗ, ಮಗನ ಮುಖ ಸಪ್ಪಗಾದಾಗ, ಅತ್ತೆಯ ಬಲಗೈ ಎದೆಯ ಎಡಮಗ್ಗುಲಿಗೆ ಹೋಗಿ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಮುಖದಲ್ಲಿ ಅದೇನೋ ನಿರಾಳ. ಸಿಕ್ಕಿಬಿದ್ದಳು ಮುದುಕಿ ಎಂದು ಸೊಸೆ ಒಳಗೊಳಗೇ ಕುಣಿದಳು.

ಅತ್ತೆ ಸ್ನಾನಕ್ಕೆ ಹೋದಾಗ ಗೂಟದ ಮೇಲಿನ ಅಂಗಿಯನ್ನು ತಡಕಿದಳು. ಜೇಬು ಸಿಕ್ಕಿತು. ಬೆರಳು ತೂರಿಸಿದಳು. ಖಾಲಿ! ಅಂಗಿಯನ್ನು ತಿರುವಿ ಹಾಕಿ ಒದರಿದಳು. ಒಂದು ಚಿಲ್ಲರೆ ಕಾಸೂ ಬೀಳಲಿಲ್ಲ.

“ಸಿಕ್ತೇನೇ?”

ಬಾಗಿಲಲ್ಲಿ ಅತ್ತೆ, ತಲೆಗೆ ಟವೆಲ್ ಸುತ್ತಿಕೊಂಡು. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಕುತೂಹಲ ಬಿಡಬೇಕಲ್ಲ.

“ಅತ್ತೆ, ಇದ್ರಲ್ಲಿ ಏನೂ ಇಲ್ವಲ್ಲ! ಮತ್ಯಾಕೆ ಆಗಾಗ ಮುಟ್ಟಿ ನೋಡ್ಕೋತೀರಾ?”

ಅತ್ತೆ ನಗುತ್ತಾ ಕೂತಳು. “ಮುಂಚೆ ಎರಡು ಚಿನ್ನದ ನಾಣ್ಯ ಇತ್ತು ಕಣೇ. ನಿಮ್ಮ ಮಾವ ಹೋದ್ಮೇಲೆ ಅದೇ ನನ್ನ ದೇವ್ರು. ಹೆದರಿಕೆ ಆದಾಗೆಲ್ಲ ಕೈ ಅಲ್ಲಿಗೇ. ಒಂದಿನ ಮಾರ್ಕೆಟ್ಟಲ್ಲಿ ಹೊಲಿಗೆ ಬಿಟ್ಕೊಂಡು ಎಲ್ಲೋ ಬಿದ್ದೋಯ್ತು. ಊರಿಗೆಲ್ಲ ಜೇಬು ಹೊಲಿಯೋಳು, ನನ್ನ ಹೊಲಿಗೇನೇ ಬಿಟ್ಕೊಳ್ಳೋದಾ! ಬೀದೀಲೇ ಕೂತು ಗೋಳಾಡ್ದೆ. ನಮ್ಮ ಕತೆ ಮುಗೀತು ಅಂತ ಮಲಗ್ದೆ. ಬೆಳಗ್ಗೆ ನೋಡಿದ್ರೆ ಉಸಿರಾಡ್ತಾನೇ ಇದೀನಿ! ನಿನ್ನ ಗಂಡ ಆಗ ಚಿಕ್ಕೋನು, ಹಸಿವು ಅಂತ ಅಳ್ತಿದ್ದ. ಬಾಗಿಲಲ್ಲಿ ಯಾರೋ ಹರಿದ ಕೋಟು ಹೊಲಿಸೋಕೆ ಹಿಡ್ಕೊಂಡು ನಿಂತಿದ್ರು. ಇಷ್ಟು ದಿನ ನಮ್ಮನ್ನ ಕಾಯ್ತಿದ್ದದ್ದು ಆ ನಾಣ್ಯ ಅಲ್ಲ, ಕಾಯ್ತಿದ್ದೋನೇ ಬೇರೆ ಅಂತ ಆವತ್ತು ತಿಳೀತು.”

“ಹಂಗಾದ್ರೆ ಈ ಜೇಬು ಯಾಕೆ?”

“ಹಾಳು ಕೈಗೆ ಅಭ್ಯಾಸ ಹೋಗ್ಲಿಲ್ಲ. ಈಗ್ಲೂ ಅಲ್ಲಿಗೇ ಹೋಗತ್ತೆ. ಖಾಲಿ ಅಂತ ಗೊತ್ತಾದ ಕೂಡ್ಲೇ, ಅಯ್ಯೋ ದೇವ್ರೇ, ನಿನ್ನ ಮರ್ತಿದ್ನಲ್ಲಪ್ಪಾ ಅಂತೀನಿ. ಅದಕ್ಕೇ ಪ್ರತಿ ಅಂಗಿಗೂ ಒಂದು ಹೊಲ್ಕೋತೀನಿ.”

ಮಷೀನಿನತ್ತ ಹೊರಟವಳು ತಿರುಗಿ ನಿಂತಳು. “ನಿನ್ನ ಸೊಂಟಪಟ್ಟಿ ಒಂದು ಕಡೆ ಉಬ್ಬಿದೆ. ಕೊಟ್ರೆ ಸರಿ ಮಾಡ್ತೀನಿ. ಕೊಡ್ಲೇಬೇಕು ಅಂತೇನಿಲ್ಲ.”

ಸೊಸೆ ಅಂಗಿಯನ್ನು ತಡಬಡಿಸಿ ಗೂಟಕ್ಕೆ ಸಿಕ್ಕಿಸಿದಳು. ಮುದುಕಿಗೆ ಮೊದಲಿನಿಂದಲೂ ಗೊತ್ತಿತ್ತು!

ಆಮೇಲೆ ಸೊಸೆಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಕೊನೆಗೆ ಹೊಲಿಗೆ ಬಿಚ್ಚಿ ಸರವನ್ನು ಗಂಡನ ಅಂಗೈಗೆ ಹಾಕಿದಳು. ಅವನು ಅದನ್ನು ಮಾರಿ ಅಂಗಡಿಗೆ ಸಾಮಾನು ಕೊಂಡ.

ಅಂಗಡಿ ತೆರೆದ ದಿನ ಮಧ್ಯಾಹ್ನವಾದರೂ ಒಬ್ಬ ಗಿರಾಕಿಯೂ ಇಲ್ಲ. ಬುತ್ತಿ ತಂದ ಸೊಸೆ ಖಾಲಿ ಅಂಗಡಿಯನ್ನು ನೋಡಿದಳು. ಕೈ ತಾನಾಗಿಯೇ ಸೊಂಟಪಟ್ಟಿಗೆ ಹೋಯಿತು. ಅಲ್ಲಿದ್ದದ್ದು ಬರೀ ಬಟ್ಟೆ. ಅದನ್ನೇ ಬಿಗಿಯಾಗಿ ಹಿಡಿದುಕೊಂಡಳು.

“ಇದೀಯೇನಪ್ಪಾ?” ಎಂದು ಮೆಲ್ಲಗೆ ಕೇಳಿದಳು. ಹಿಂದೆಂದೂ ಅವಳು ದೇವರನ್ನು ಹೀಗೆ ಕೇಳಿರಲಿಲ್ಲ. ಕೇಳುವ ಅಗತ್ಯ ಬಿದ್ದಿರಲಿಲ್ಲ.