ಕಿಂಡಿ ಮುಚ್ಚಿದವನು ನಾನು

ಮೊನ್ನೆ ಮನೆಯ ಯುಪಿಎಸ್ ಬ್ಯಾಟರಿಗೆ ನೀರು ಹಾಕಲೆಂದು ಮುಚ್ಚಳ ತಿರುಗಿಸಿದೆ. ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಇದ್ದಲ್ಲೇ ಕೂತುಬಿಟ್ಟೆ. ಹೊಳೆನರಸೀಪುರದ ಬ್ಯಾಟರಿ ಅಂಗಡಿಯ ಯಜಮಾನರು ಕಣ್ಣ ಮುಂದೆ ನಿಂತರು...

ತೊಂಬತ್ತರ ದಶಕದ ಕೊನೆಯ ಮಾತು. ಸಾಲಗಾಮೆ ಹತ್ತಿರ ನಾನು ಕೋಳಿ ಫಾರಂ ಇಟ್ಟಿದ್ದೆ. ಅಲ್ಲಿಗೆ ಇನ್ನೂ ಕರೆಂಟ್ ಕಂಬ ಬಂದಿರಲಿಲ್ಲ. ಅವರನ್ನು ಕರೆಸಿದೆ. ಶೆಡ್ಡು ಸುತ್ತಿ ನೋಡಿ, "ನಿಮ್ ಕೋಳಿಗೆ ಲೈಟ್ ಸಾಕಾ ಗೌಡ್ರೇ, ಟಿವಿನೂ ಬೇಕಾ?" ಎಂದು ನಕ್ಕರು. ಕ್ಯಾಲೆಂಡರ್ ಹಾಳೆಯ ಹಿಂದೆ ಚಿತ್ರ ಬರೆದರು. ಸೂರಿನ ಮೇಲೆ ಸೋಲಾರ್ ಪ್ಯಾನೆಲ್, ಪಕ್ಕದ ಪುಟ್ಟ ಕೋಣೆಯಲ್ಲಿ ನಾಲ್ಕು ಬ್ಯಾಟರಿ, ಮೋಡದ ದಿನ ಅವನ್ನು ಚಾರ್ಜ್ ಮಾಡಲು ಹೊರಗೊಂದು ಜನರೇಟರ್. ಕೋಣೆಯ ಗೋಡೆಯಲ್ಲಿ ಕಿಂಡಿ ಬರೆದು ಅದಕ್ಕೆ ಎರಡು ಸುತ್ತು ಹಾಕಿದರು.

"ಚಾರ್ಜ್ ಆಗೋವಾಗ ಬ್ಯಾಟ್ರಿ ಗ್ಯಾಸ್ ಬಿಡ್ತದೆ. ಅದು ಓಗಾಕೆ ದಾರಿ ಇಲ್ದಿದ್ರೆ ಒಂದ್ ಕಿಡಿ ಸಾಕು. ಏನ್ ಮರ್ತ್ರೂ ಇದ್ನ ಮರೀಬ್ಯಾಡಿ."

ಮರೆತಿರಲಿಲ್ಲ. ಆದರೆ ಆ ಮಳೆಗಾಲದಲ್ಲಿ ಪಕ್ಕದ ತೋಟದ ಡೀಸೆಲ್ ಎಂಜಿನ್ನನ್ನೇ ಕಳ್ಳರು ಹೊತ್ತೊಯ್ದರು. ಬ್ಯಾಟರಿಗಳೂ ಕಳುವಾದಾವೆಂದು ಹೆದರಿ ನಾನು ಹೊರಗಿನಿಂದ ಕಿಂಡಿಗೆ ತಗಡು ಬಡಿದೆ. ಯಜಮಾನರು ಕಂಡರೆ ಬೈದಾರೆಂದು ಒಳಗಡೆ ಕಿಂಡಿ ಕಾಣದಂತೆ ಲಕ್ಷ್ಮಿಯ ಫೋಟೋ ತೂಗುಹಾಕಿದೆ.

ಆಯುಧಪೂಜೆಗೆ ಅವರು ಬಂದರು. ತಾವು ಕೂಡಿಸಿಕೊಟ್ಟ ಕಡೆಯೆಲ್ಲ ಅವತ್ತು ಹೋಗಿಬರುವುದು ಅವರ ಪದ್ಧತಿ. ಮೋಡ ಕವಿದಿತ್ತು. ಬೆಳಗಿನಿಂದ ಜನರೇಟರ್ ಓಡಿತ್ತು, ಕೋಣೆಯ ಬಾಗಿಲು ಹಾಕಿಯೇ ಇತ್ತು. ಜನರೇಟರ್ ನಿಲ್ಲಿಸಿ ಒಳಗೆ ಹೋಗಿ ಬ್ಯಾಟರಿಗಳಿಗೆ ಅರಿಸಿನ ಕುಂಕುಮ ಇಟ್ಟೆವು. ಕರ್ಪೂರ ನೋಡಿ ಅವರು ತಡೆದರು.

"ಕಿಂಡಿ ತೆಗ್ದೇ ಐತಲ್ವಾ ಗೌಡ್ರೇ? ಇಲ್ಲಾಂದ್ರೆ ಆಚೆ ಹಚ್ಚೋಣ."

"ತೆಗ್ದೈತೆ ಬುಡಿ, ಫೋಟೋ ಹಿಂದೆ ಗಾಳಿ ಆಡ್ತದೆ," ಎಂದೆ. "ಕೂಡ್ಸಿದೋರು ನೀವು, ನೀವೇ ಬೆಳಗಿ," ಎಂದು ತಟ್ಟೆಯನ್ನು ಅವರ ಕೈಗೇ ಕೊಟ್ಟೆ.

ಕಡ್ಡಿ ಗೀರಿದರು...

ಬ್ಯಾಟರಿಗಳು ಸಿಡಿದಾಗ ನಾನು ಬಾಗಿಲ ಬಳಿ ಇದ್ದೆ, ಉಳಿದೆ. ಹೊಗೆಯೊಳಗೆ ಅವರು ಎರಡೂ ಕೈಯಲ್ಲಿ ಮುಖ ಹಿಡಿದು ಕೂತಿದ್ದರು. ಬೆರಳ ಸಂದಿಯಿಂದ ಆಸಿಡ್ ಇಳಿಯುತ್ತಿತ್ತು. ಎಳೆದು ತಂದು ಕೋಳಿಗಳ ನೀರಿನ ಡ್ರಮ್ಮಿನಲ್ಲಿ ಅವರ ತಲೆ ಅದ್ದಿದೆ. ಹಾಸನದ ಆಸ್ಪತ್ರೆ ತಲುಪುವವರೆಗೂ, "ನೋಡಿ ಗೌಡ್ರೇ, ಕಣ್ ಗುಡ್ಡೆ ಐತಾ?" ಎಂದು ಕೇಳುತ್ತಲೇ ಇದ್ದರು. ನನಗಿದ್ದ ಹೆದರಿಕೆ ಬೇರೆ. ಕಿಂಡಿಯ ಮಾತು ಎತ್ತಿದರೆ? ಮಾರನೆಯ ದಿನ ಅವರನ್ನು ನೋಡಲು ಹೋಗುವ ಮೊದಲು ತಗಡು ಕಿತ್ತು ಬಾವಿಗೆ ಹಾಕಿದೆ.

ಅವರ ಎರಡು ಕಣ್ಣೂ ಹೋದವು. ಬೆಳಕಿಲ್ಲದ ಫಾರಂ ಕೆಲವೇ ತಿಂಗಳಲ್ಲಿ ಮುಚ್ಚಿತು. "ಕರ್ಪೂರ ಹಚ್ಚಿದ್ದು ನಾನೇ ತಾನೇ, ನನ್ದೇ ತಪ್ಪು," ಎಂದರು. ನಾನು ಅಲ್ಲವೆನ್ನಲಿಲ್ಲ.

ಮೊನ್ನೆ ಆ ವಾಸನೆ ಬಡಿದ ಮೇಲೆ, ಹೇಳಿಬಿಡೋಣವೆಂದು ಹೊಳೆನರಸೀಪುರಕ್ಕೆ ಹೋದೆ. ಅವರು ತೀರಿಹೋಗಿ ಮೂರು ವರ್ಷವಂತೆ. "ನನ್ನಿಂದ ಗೌಡ್ರ ಫಾರಂ ಆಳಾಯ್ತು ಅಂತ ಕೊನೆಗಂಟ ಕೊರಗೋರು ಕಣಣ್ಣ," ಎಂದರು ಅವರ ಹೆಂಡತಿ. ಕಾಫಿ ಕೊಟ್ಟರು, ಕುಡಿದೆ. ಏನೂ ಹೇಳದೆ ಬಸ್ಸು ಹತ್ತಿದೆ.

ಆ ತಾಯಿಗೆ ಓದು ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ಇಷ್ಟನ್ನು ಬರೆಯುವ ಧೈರ್ಯ ಬಂದಿದೆ...